ವಾರ್ನಿಶ್ ಹಚ್ಚಿದ ಚೆಂಡು

ಟಕ್.

ಆ ಸದ್ದು ಕಿವಿಗೆ ಬಿದ್ದ ಕೂಡಲೇ ರಂಗನಾಯಕ ತಲೆ ತಗ್ಗಿಸಿದ. ಚೆಂಡು ಎಲ್ಲಿ ಬೀಳುತ್ತದೆಂದು ನೋಡುವುದು ಗಾಲ್ಫ್ ಆಡುವವರ ಚೀಲ ಹೊರುವ ಕ್ಯಾಡಿಯ ಕೆಲಸ. ಅವನು ತನ್ನ ಕಾಲ್ಬೆರಳು ನೋಡುತ್ತ ನಿಂತ. ನೋಡದಿದ್ದರೂ ಗೊತ್ತಿತ್ತು. ಚೆಂಡು ಗುಳಿಯ ಬಾವುಟದ ಪಕ್ಕದಲ್ಲೇ ಬಿದ್ದಿರುತ್ತದೆ, ಬಿದ್ದು ನಿಲ್ಲದೆ ನುಣುಪು ಹುಲ್ಲಿನ ಮೇಲೆ ಓಡಿ ಆಚೆಯ ಮರಳುಗುಂಡಿಗೆ ಇಳಿದಿರುತ್ತದೆ.

"ಹೋಯ್ತಾ?" ಎಂದರು ಬಸವಪ್ರಸಾದ್.

"ಓಯ್ತು ಸಾ."

"ಕೈ ಹೋಗಿದೆ ಕಣಯ್ಯ. ಚೆಂಡನ್ನ ಯಾಕೆ ಬಯ್ಯೋದು."

ನಂಜನಗೂಡಿನ ಕಾರ್ಖಾನೆಗಳ ಬೆನ್ನಿಗಿರುವ ಆ ಒಂಬತ್ತು ಗುಳಿಯ ಗಾಲ್ಫ್ ಮೈದಾನದಲ್ಲಿ ರಂಗನಾಯಕ ಇಪ್ಪತ್ತಾರು ವರ್ಷದಿಂದ ಬೇರೆಯವರ ಚೀಲ ಹೊತ್ತವನು. ಹೆಬ್ಬೆರಳಿನ ಉಗುರು ಒತ್ತಿ ಇದು ಮೆದು ಚೆಂಡು, ಇದು ಗಟ್ಟಿ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದ. ಕ್ಯಾಡಿಗಳ ಶೆಡ್ಡಿನಲ್ಲಿ ಅವನ ಹೆಸರೇ ಚೆಂಡು ಮೇಷ್ಟ್ರು.

ಬಸವಪ್ರಸಾದ್ ತಿ. ನರಸೀಪುರದವರು, ನಾಲೆಗಳ ಇಂಜಿನಿಯರಾಗಿ ನಿವೃತ್ತರಾದವರು. ಮೂರು ವರ್ಷದ ಹಿಂದೆ ಬಲಗೈಗೆ ಲಕ್ವ ಹೊಡೆದಿತ್ತು. ಚೇತರಿಸಿಕೊಂಡು ಮೈದಾನಕ್ಕೆ ಬಂದಾಗ, ಸೋತ ಕೈಗೆ ದೂರ ಹಾರುವ ಗಟ್ಟಿ ಚೆಂಡೇ ಸರಿ ಎಂದು ಎಲ್ಲರೂ ಹೇಳಿದರು. ರಂಗನಾಯಕ ಒಬ್ಬನೇ ಬೇಡ ಎಂದ. "ದೂರ ಓಗಿ ಏನ್ ಮಾಡೀರಿ ಸಾ? ಬಾವುಟಕ್ಕೆ ನಲ್ವತ್ತು ಎಜ್ಜೆ ಇರೋವಾಗ ಆಟ ಇರೋದು. ಮೆದು ಚೆಂಡು ತಕೊಳಿ. ವೆಜ್ಜಿನ ಗೀರಿಗೆ ಅದರ ಚರ್ಮ ಕಚ್ಕತದೆ, ತಿರುಗ್ತಾ ಓಗ್ತದೆ, ಬಿದ್ದ ಕಡೆ ಕುಂತ್ಕತದೆ."

ಹಾಗೇ ಆಯಿತು. ವೆಜ್ ಎಂಬ ಅಗಲ ಮೂತಿಯ ಆ ಗಿಡ್ಡ ಕೋಲಿನಲ್ಲಿ ಮೆಲ್ಲಗೆ ಎತ್ತಿಬಿಟ್ಟ ಚೆಂಡು ಎರಡು ಸಲ ಪುಟಿದು ನಿಲ್ಲುತ್ತಿತ್ತು. ಒಂದೊಂದು ಚೆಂಡು ನಿಂತಾಗಲೂ ಬಸವಪ್ರಸಾದ್ ತಮ್ಮ ಬಲಗೈಯನ್ನು, ಶಾಲೆಯಲ್ಲಿ ಪಾಸಾದ ಮೊಮ್ಮಗನನ್ನು ನೋಡುವ ಹಾಗೆ ನೋಡಿಕೊಳ್ಳುತ್ತಿದ್ದರು.

ಕಳೆದ ಆಯುಧಪೂಜೆಯವರೆಗೂ ಎಲ್ಲ ಚೆನ್ನಾಗಿತ್ತು. ಆವತ್ತು ಶೆಡ್ಡಿನಲ್ಲಿ ಪ್ರತಿಯೊಬ್ಬ ಕ್ಯಾಡಿಯೂ ತನ್ನ ಸಾಹೇಬರ ಚೀಲ ತೊಳೆದು, ಕೋಲುಗಳಿಗೆ ಅರಿಶಿನ ಕುಂಕುಮ ಇಟ್ಟು, ಬೂದುಗುಂಬಳಕಾಯಿ ಒಡೆಯುವುದು ವಾಡಿಕೆ. ರಂಗನಾಯಕನಿಗೆ ಅಷ್ಟು ಸಾಲದೆನಿಸಿತು. ಆಟೊಗಳಿಗೆ ಬಣ್ಣ ಹೊಡೆಯುವ ಬಾಮೈದನಿಂದ ವಾರ್ನಿಶ್ ತಂದು ಬಸವಪ್ರಸಾದರ ಮೂರು ಡಜನ್ ಚೆಂಡಿಗೂ ಹಚ್ಚಿ ಒಣಗಿಸಿದ. ಬಾಳೆ ಎಲೆ ಮೇಲೆ ಮುತ್ತಿನ ಹಾಗೆ ಹೊಳೆದವು. ಬಸವಪ್ರಸಾದ್ ಅವನ ಬೆನ್ನು ತಟ್ಟಿದರು.

ಮರುವಾರದಿಂದ ಚೆಂಡು ನಿಲ್ಲಲಿಲ್ಲ.

ಹತ್ತು ದಿನ ಕಳೆದ ಮೇಲೆ ರಂಗನಾಯಕ ಬಿಸಿಲು ಹೊತ್ತಿನಲ್ಲಿ ಒಬ್ಬನೇ ನಿಂತು, ಚೀಲದ ಮೂಲೆಯಲ್ಲಿ ಉಳಿದಿದ್ದ ವಾರ್ನಿಶ್ ಇಲ್ಲದ ಒಂದು ಚೆಂಡನ್ನೂ ಹಚ್ಚಿದ ಒಂದನ್ನೂ ವೆಜ್ಜಿನಲ್ಲಿ ಹೊಡೆದು ನೋಡಿದ. ಒಂದು ಕುಳಿತಿತು. ಇನ್ನೊಂದು ಕೋಲಿನ ಗೀರಿಗೆ ಸಿಗದೆ ಜಾರಿ, ಓಡಿತು. ಥಿನ್ನರ್ ಹಾಕಿ ಉಜ್ಜಿದರೆ ಚೆಂಡಿನ ಚರ್ಮವೇ ಸುಕ್ಕುಗಟ್ಟಿತು. ನಾಳೆ ಹೇಳೋಣ ಎಂದುಕೊಂಡ. ಆ ನಾಳೆ ನಾಲ್ಕು ತಿಂಗಳಾಯಿತು. ಅಷ್ಟರಲ್ಲಿ ಬಸವಪ್ರಸಾದ್ ಮೈಸೂರಿನ ಡಾಕ್ಟರ ಬಳಿ ಎರಡು ಸಲ ಹೋಗಿಬಂದರು. ದಿನಾ ರಬ್ಬರ್ ಉಂಡೆ ಹಿಸುಕಿದರು. ಮೇಷ್ಟ್ರು ಬಾಯಿ ಬಿಡಲಿಲ್ಲ.

ಚೆಂಡು ಮರಳುಗುಂಡಿಗೆ ಇಳಿದ ಆ ಬೆಳಿಗ್ಗೆ, ಗುಂಡಿಯ ಅಂಚಿನಲ್ಲಿ ಬಸವಪ್ರಸಾದ್ ಚೀಲವನ್ನು ಅವನ ಕಡೆಗೆ ಸರಿಸಿದರು. "ಇದನ್ನ ನೀನೇ ಇಟ್ಕೊ. ಇನ್ನು ಬರೋದಿಲ್ಲ. ಈ ಮೂರು ವರ್ಷ ನೀನು ಕೊಟ್ಟಿದ್ದು."

ಶೆಡ್ಡಿನಲ್ಲಿ ಇನ್ನೊಬ್ಬ ಕ್ಯಾಡಿ ಬೋರಯ್ಯ ಬೀಡಿ ಆರಿಸಿ ಚೀಲವನ್ನು ಸವರಿದ. "ಏನ್ಲಾ ಮೇಷ್ಟ್ರೆ, ಪೂರಾ ಬ್ಯಾಗೇ ಕೊಟ್ಬುಟ್ರಾ? ಅಂತಾ ಸೇವೆ ಮಾಡಿದ್ದೀಯ ಬುಡು."

ರಂಗನಾಯಕ ಚೀಲವನ್ನು ಅವನ ಕೈಯಿಂದ ಎಳೆದು ಗೋಡೆಯ ಮೂಲೆಗಿಟ್ಟ.

ಮೂರನೆಯ ದಿನ ಚೀಲವನ್ನು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ನರಸೀಪುರದ ಬಸ್ಸಿನಲ್ಲಿ ಕೂತ. "ಏನಣ್ಣ, ತೋಪು ಸಾಗಿಸ್ತಿದ್ದೀಯಾ? ಲಗೇಜು ಹಾಕ್ಬೇಕು," ಎಂದ ಕಂಡಕ್ಟರ್. ಸುತ್ತಲಿನವರು ನಕ್ಕರು. ಅವನು ಚೀಲಕ್ಕೂ ಒಂದು ಟಿಕೆಟ್ ಹರಿಸಿಕೊಂಡ.

ಬಾಗಿಲು ತೆರೆದವರು ಬಸವಪ್ರಸಾದರ ಹೆಂಡತಿ ಸಿದ್ದಲಿಂಗಮ್ಮ. "ಬಾಪ್ಪ ನಾಯ್ಕ. ನೀನಾದ್ರೂ ಹೇಳು. ಬಲಗೈ ಮುಗೀತು ಅಂತ ಎಡಗೈಲಿ ಚಮಚ ಹಿಡ್ಕೊಂಡು ಊಟ ಮಾಡ್ತಾರೆ," ಎಂದು ಪಿಸುಗುಟ್ಟಿ ಕಾಫಿಗೆಂದು ಒಳಹೋದರು.

ಬಸವಪ್ರಸಾದ್ ಜಗುಲಿಯ ಕುರ್ಚಿಯಲ್ಲಿದ್ದರು. ಬಲಗೈ ತೊಡೆಯ ಮೇಲೆ, ಯಾರೋ ಮರೆತುಹೋದ ಟವೆಲಿನಂತೆ ಬಿದ್ದಿತ್ತು.

"ಕೈದಲ್ಲ ಸಾ ತಪ್ಪು," ಎಂದ ರಂಗನಾಯಕ ನಿಂತೇ. "ಚೆಂಡುಂದು. ನಾನ್ ಅಚ್ಚಿದ್ ವಾರ್ನಿಶ್ದು. ಅದು ಅಚ್ಚಿದ್ರೆ ಚೆಂಡು ಕೋಲಿಗೆ ಕಚ್ಕೊಳಲ್ಲ. ನಾನೇ ಒಡೆದು ನೋಡ್ದೆ."

ಅವರು ಬಲಗೈಯ ಬೆರಳುಗಳನ್ನು ಮೆಲ್ಲಗೆ ಮಡಿಸಿ ಬಿಡಿಸಿದರು.

"ಯಾವಾಗ ಗೊತ್ತಾಯ್ತು?"

ನಿನ್ನೆ ಎಂದುಬಿಡಬಹುದಿತ್ತು. ಮಾತು ನಾಲಗೆಯ ತುದಿಗೂ ಬಂದಿತ್ತು.

"ದೀಪಾವಳಿಗೆ ಮುಂಚೆ, ಸಾ."

"ಈಗ ಶಿವರಾತ್ರಿ ಬರ್ತಾ ಇದೆ, ರಂಗನಾಯಕ."

ಅಷ್ಟೇ ಅಂದರು. ಬೈದಿದ್ದರೆ ರಂಗನಾಯಕ ತಾಳಿಕೊಳ್ಳುತ್ತಿದ್ದ. ಅಷ್ಟರಲ್ಲಿ ಸಿದ್ದಲಿಂಗಮ್ಮ ಎರಡು ಲೋಟ ಹಿಡಿದು ಬಂದರು. ಬಸವಪ್ರಸಾದ್ ಬಲಗೈ ಚಾಚಿ ಒಂದನ್ನು ತೆಗೆದುಕೊಂಡರು. ಲೋಟ ಸ್ವಲ್ಪ ನಡುಗಿತು, ಚೆಲ್ಲಲಿಲ್ಲ.

"ನೋಡೇ, ತಪ್ಪು ಚೆಂಡಿಂದಂತೆ," ಎಂದರು ಹೆಂಡತಿಗೆ. "ಇವನು ಪತ್ತೆ ಮಾಡಿದ್ದಾನೆ. ನೆನ್ನೆ ಗೊತ್ತಾಯ್ತಂತೆ, ಇವತ್ತೇ ಬಸ್ ಹತ್ತಿ ಹೇಳೋಕೆ ಬಂದಿದ್ದಾನೆ."

"ಪುಣ್ಯಾತ್ಮ," ಎಂದರು ಆಕೆ ಕಣ್ಣೊರೆಸಿಕೊಳ್ಳುತ್ತ. "ಊಟ ಮಾಡ್ಕೊಂಡೇ ಹೋಗ್ಬೇಕು ನೀನು. ಮುದ್ದೆ ಮಾಡ್ಲೋ, ಅನ್ನನೇ ಸಾಕೋ?"

ರಂಗನಾಯಕ ಚೀಲವನ್ನು ಗೋಡೆಗೆ ಒರಗಿಸಿದ. ಲೋಟ ಮುಟ್ಟಲಿಲ್ಲ.

"ಕೂತ್ಕೊಳಯ್ಯ, ಭಾನುವಾರದ ಆಟದ ಮಾತಾಡೋಣ," ಎನ್ನುತ್ತಿದ್ದರು ಬಸವಪ್ರಸಾದ್. ಅವನು ಆಗಲೇ ಮೆಟ್ಟಿಲಿಳಿದು ಚಪ್ಪಲಿ ಮೆಟ್ಟಿಕೊಂಡಿದ್ದ. "ಹೊಸ ಚೆಂಡು ತರಿಸ್ತೀನಿ, ಮೆದೂನೇ, ನೀನು ಆವತ್ತು ಆರಿಸಿದ್ಯಲ್ಲ..." ಮಾತು ಇನ್ನೂ ಮುಂದುವರಿಯುತ್ತಲೇ ಇತ್ತು, ರಂಗನಾಯಕ ಗೇಟು ದಾಟಿ ಬಸ್ ನಿಲ್ದಾಣದ ಕಡೆಗೆ ನಡೆದುಬಿಟ್ಟ.