ಮುಚ್ಚಳ ತೆಗೆದು ನೋಡುವ ಚಂದ್ರವ್ವ

ನೀವು ಹೂಂ ಅನ್ನುತ್ತಾ ಇರಿ, ನಾನು ಹೇಳುತ್ತಾ ಹೋಗುತ್ತೇನೆ. ಈ ಕಥೆಯಲ್ಲಿ ರಾಜನೂ ಇಲ್ಲ, ರಾಜಕುಮಾರಿಯೂ ಇಲ್ಲ. ಏಳು ಸಮುದ್ರಗಳಿವೆ, ಅವನ್ನೂ ಜನ ವಿಮಾನದಲ್ಲಿ ಕುಳಿತು ಊಟ ಮಾಡುತ್ತಾ ದಾಟಿಬಿಡುತ್ತಾರೆ. ಆ ಊಟ ಕಟ್ಟಿ ಕಳಿಸುವವಳ ಕಥೆ ಇದು.

ಹೆಸರು ಚಂದ್ರವ್ವ. ಗೋಕಾಕದ ಮಿಲ್ಲಿನಲ್ಲಿ ನೂಲು ತೆಗೆದವರ ಮಗಳು. ಗಂಡ ಕಲ್ಲಯ್ಯನಿಗೆ ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದಲ್ಲಿ ಫಿಟ್ಟರ್ ಕೆಲಸ ಸಿಕ್ಕಿತು, ಅವನ ಹಿಂದೆ ಇವಳೂ ಅದರ ಪಕ್ಕದ ಹೌನ್ಸ್ಲೋಗೆ ಬಂದಳು. ಎರಡು ಚಳಿಗಾಲ ಮನೆಯಲ್ಲಿ ಕುಳಿತು ಕಿಟಕಿ ನೋಡಿದಳು. ಮೂರನೆಯದು ಬರುವುದರೊಳಗೆ, ವಿಮಾನಗಳಿಗೆ ಊಟ ಕಳಿಸುವ ದೊಡ್ಡದೊಂದು ಅಡುಗೆಮನೆಯಲ್ಲಿ ಕೆಲಸ ಹಿಡಿದಳು.

ಆ ಅಡುಗೆಮನೆಗೆ ಎರಡು ಕಡೆ. ಬಿಸಿ ಕಡೆಯಲ್ಲಿ ಅಡುಗೆಯವರು, ಬಹುಪಾಲು ಗಂಡಸರು. ತಣ್ಣನೆ ಕಡೆಯಲ್ಲಿ ಟ್ರೇ ಜೋಡಿಸುವವರು, ಎಲ್ಲ ಹೆಂಗಸರು. ಊಟ ಕೆಡಬಾರದು ಅಂತ ಅಲ್ಲಿ ವರ್ಷವಿಡೀ ಫ್ರಿಜ್ಜಿನ ಚಳಿ. ಚಂದ್ರವ್ವನದು ವಿಶೇಷ ಊಟಗಳ ಡಬ್ಬಿ ಸರಿದು ಬರುವ ಬೆಲ್ಟು. ಸಸ್ಯಾಹಾರಿಗೆ ಒಂದು, ಸಕ್ಕರೆ ಕಾಯಿಲೆಯವರಿಗೆ ಒಂದು, ಹಲಾಲ್ ಒಂದು, ಪ್ರತಿಯೊಂದಕ್ಕೂ ಬೇರೆ ಸ್ಟಿಕ್ಕರ್. ಡಬ್ಬಿಯೊಳಗೆ ಏನೇನು ಇರಬೇಕು ಅಂತ ಪಟ್ಟಿ ಬರೆದ ಒಂದು ಕಾರ್ಡು ಪಕ್ಕದಲ್ಲಿ ತೂಗುತ್ತಿರುತ್ತದೆ.

ತೊಂಬತ್ತನಾಲ್ಕರಲ್ಲಿ ಒಂದು ದಿನ ಸಸ್ಯಾಹಾರದ ಸ್ಟಿಕ್ಕರ್ ಅಂಟಿಸಿದ ಇನ್ನೂರು ಡಬ್ಬಿ ಸಾಲಾಗಿ ಬಂದವು. ಯಾಕೋ ಚಂದ್ರವ್ವನ ಕೈ ಒಂದರ ಮುಚ್ಚಳ ಎತ್ತಿತು. ಒಳಗೆ ಕೋಳಿ. ಬೆಲ್ಟ್ ನಿಲ್ಲಿಸಿದಳು. ಮ್ಯಾನೇಜರ್ ಓಡಿ ಬಂದು, "ಸ್ಟಿಕ್ಕರ್ ಸರಿಯಾಗಿಯೇ ಇದೆಯಲ್ಲ" ಅಂದ. "ಸ್ಟಿಕ್ಕರ್ ಸರಿಯಾಗಿದೆ, ಕೋಳಿ ತಪ್ಪಾಗಿದೆ" ಅಂತ ಇವಳು ತನ್ನ ಇಂಗ್ಲಿಷಿನಲ್ಲಿ ಹೇಳಿದಳು. ಅಂದಿನಿಂದ ಪ್ರತಿ ನೂರಕ್ಕೆ ಒಂದು ಮುಚ್ಚಳ ತೆಗೆದು ನೋಡುವುದು ಅವಳ ಪದ್ಧತಿಯಾಯಿತು.

ತೊಂಬತ್ತೆಂಟರಲ್ಲಿ ಅಲ್ಲಿನ ಯೂನಿಯನ್ ಪ್ರತಿನಿಧಿ ನಿವೃತ್ತನಾದ. ತಣ್ಣನೆ ಕಡೆಯ ಹೆಂಗಸರಿಗೆ ಒಂದೇ ಆಸೆ: ಗಂಟೆಗೆ ಹತ್ತು ನಿಮಿಷ ಬೆಚ್ಚಗಿನ ಕೋಣೆಯಲ್ಲಿ ಕೂರುವ ಬಿಡುವು, ಮೇಲೊಂದು ದಪ್ಪ ಜಾಕೆಟ್ಟು. ಬೆರಳು ಮರಗಟ್ಟಿ ಚಮಚ ಹಿಡಿಯಲಾಗದೆ ಒಬ್ಬಿಬ್ಬರು ಕೆಲಸವನ್ನೇ ಬಿಟ್ಟಿದ್ದರು. ಎಲ್ಲರೂ ಸೇರಿ ಚಂದ್ರವ್ವನನ್ನು ಆ ಜಾಗದ ಚುನಾವಣೆಗೆ ಮುಂದೆ ತಳ್ಳಿದರು. ಆದರೆ ತಣ್ಣನೆ ಕಡೆಯ ಓಟು ಮಾತ್ರ ಸಾಲದು. ಬಿಸಿ ಕಡೆಯ ನಲವತ್ತು ಓಟು ಬೇಕು, ಆ ನಲವತ್ತೂ ಲೂಯಿಸ್ ತಲೆ ಆಡಿಸಿದತ್ತ ಹೋಗುತ್ತವೆ.

ಲೂಯಿಸ್ ಮಂಗಳೂರಿನವರು, ಬಿಸಿ ಕಡೆಗೆ ಹಿರಿಯ ಅಡುಗೆಯವರು. ಇವರಿಬ್ಬರ ನಡುವೆ ಮಾತು ಕನ್ನಡದಲ್ಲೇ, ಒಬ್ಬೊಬ್ಬರದು ಒಂದೊಂದು ಕನ್ನಡ. ಚಂದ್ರವ್ವ ನಾಮಪತ್ರ ಹಿಡಿದು ಕ್ಯಾಂಟೀನಿನಲ್ಲಿ ಅವರ ಮುಂದೆ ನಿಂತಳು.

"ಲೂಯಿಸಣ್ಣಾರ, ಇದಕ್ಕೊಂದು ಸಹಿ ಹಾಕ್ರಿ."

ಅವರು ಕನ್ನಡಕ ಒರೆಸಿಕೊಂಡು, ನಾಮಪತ್ರದ ಜೊತೆಗಿದ್ದ ಯೂನಿಯನ್ನಿನ ಕರಪತ್ರವನ್ನು ಕೊನೆಯ ಸಾಲಿನವರೆಗೆ ಓದಿದರು.

"ಇಲ್ಲಿ ಸೋಷಿಯಲಿಸ್ಟ್ ಅಂತ ಉಂಟಲ್ಲ ಚಂದ್ರಕ್ಕ?"

"ಇದ್ರ ಏನಾತ್ರಿ?"

"ಹಿಟ್ಲರನ ಪಾರ್ಟಿಯ ಹೆಸರು ಗೊತ್ತುಂಟಾ ನಿಮಗೆ? ನ್ಯಾಷನಲ್ ಸೋಷಿಯಲಿಸ್ಟ್. ಅದರ ಬಾಲಕ್ಕೆ ವರ್ಕರ್ಸ್ ಪಾರ್ಟಿ ಅಂತ ಬೇರೆ. ಎಲ್ಲ ಒಂದೇ ಬಾಣಲೆಯದ್ದು ಮಾರಾಯ್ತಿ. ನಾನು ಸಹಿ ಹಾಕುವುದಿಲ್ಲ."

"ನಾ ಹತ್ತು ನಿಮಿಷ ಬೆಚ್ಚಗ ಕುಂದರಬೇಕಂತೀನಿ. ನಡುವ ಹಿಟ್ಲರ್ ಯಾಕ ಬಂದ್ನರಿ?"

"ಅವನು ಬರುವುದೇ ಹಾಗೆ. ಮೊದಲು ಹತ್ತು ನಿಮಿಷ ಕೇಳ್ತಾನೆ."

ಬಿಸಿ ಕಡೆಯವರು ನಕ್ಕರು. ಚಂದ್ರವ್ವ ನಗಲಿಲ್ಲ.

ಲೂಯಿಸ್ ಹಾಗೆ ಹೇಳುವುದಕ್ಕೆ ಎಲ್ಲೋ ಪತ್ರಿಕೆಯಲ್ಲಿ ಓದಿದ್ದಷ್ಟೇ ಕಾರಣವಲ್ಲ. ಅವರ ಅಪ್ಪ ಮಂಗಳೂರಿನ ಒಂದು ಹಂಚಿನ ಕಾರ್ಖಾನೆಯಲ್ಲಿ ಮಣ್ಣು ತುಳಿಯುತ್ತಿದ್ದರು. ಎಂಟು ತಿಂಗಳು ಮುಷ್ಕರ ನಡೆದು ಗೇಟು ಮುಚ್ಚಿತು, ಹದಿನಾಲ್ಕರ ಲೂಯಿಸ್ ಶಾಲೆ ಬಿಟ್ಟು ಹೋಟೆಲಿನಲ್ಲಿ ಪಾತ್ರೆ ತೊಳೆದ. ಅವತ್ತಿನಿಂದ ಆ ಮನೆಯಲ್ಲಿ ಕೆಂಪು ಬಾವುಟ ಕಂಡರೆ ಆಗದು.

ಚಂದ್ರವ್ವ ಮನೆಗೆ ಬಂದು ರೊಟ್ಟಿ ತಟ್ಟುತ್ತಾ ಕಲ್ಲಯ್ಯನಿಗೆ ಲೂಯಿಸರ ಮಾತು ಹೇಳಿ ಕೇಳಿದಳು: "ಅವರು ಅಂದಿದ್ದು ಖರೇ ಇದ್ರ?"

"ಹೆಸರಿನ್ಯಾಗ ಐತಿ ಅಂದ್ರ ಇದ್ದೀತು."

"ಹೆಸರಿನ್ಯಾಗ ಕಾಯಿಪಲ್ಲೆ ಇತ್ತು, ಡಬ್ಬಿಯೊಳಗ ಕೋಳಿ ಇತ್ತು. ಮರ್ತೀಯೇನು?"

ಕಲ್ಲಯ್ಯ ರೊಟ್ಟಿಯ ಕಡೆ ಗಮನ ಕೊಟ್ಟ.

ಯೂನಿಯನ್ ಕಚೇರಿಗೆ ಹೋಗಿದ್ದರೆ ಸಿದ್ಧ ಉತ್ತರ ಸಿಗುತ್ತಿತ್ತು. ಚಂದ್ರವ್ವನಿಗೆ ಅದು ಬೇಡವಾಗಿತ್ತು, ತಾನೇ ನೋಡಬೇಕಿತ್ತು. ಅಡುಗೆಮನೆಗೆ ಮಂಗಳವಾರ, ಗುರುವಾರ ವಾಲ್ಟರ್ ಅಂತ ಒಬ್ಬರು ಬರುತ್ತಿದ್ದರು. ಯಹೂದಿ ಪ್ರಯಾಣಿಕರ ಊಟ ಬೇರೆ ಕಡೆ ತಯಾರಾಗಿ, ಸೀಲ್ ಆಗಿ ಬರುತ್ತದೆ. ಆ ಸೀಲ್ ಒಡೆದಿಲ್ಲ ಅಂತ ನೋಡುವುದು ಅವರ ಕೆಲಸ. ಎಪ್ಪತ್ತು ದಾಟಿದ ಸಣಕಲು ಮನುಷ್ಯ. ಹುಟ್ಟಿದ್ದು ಜರ್ಮನಿಯ ಲೈಪ್‌ಜಿಗ್‌ನಲ್ಲಿ. ಹನ್ನೆರಡರ ವಯಸ್ಸಿಗೆ ಅಪ್ಪ ಅಮ್ಮನನ್ನು ಬಿಟ್ಟು, ಯುದ್ಧಕ್ಕೆ ಮುಂಚೆ ಯಹೂದಿ ಮಕ್ಕಳನ್ನು ಪಾರು ಮಾಡಿದ ರೈಲು ಹತ್ತಿ ಲಂಡನ್ನಿಗೆ ಬಂದವರು. ಚಂದ್ರವ್ವ ನೇರವಾಗಿ ಕೇಳಿದಳು, ಹಿಟ್ಲರ್ ಸೋಷಿಯಲಿಸ್ಟ್ ಹೌದೋ ಅಲ್ಲವೋ ಅಂತ.

"ಯಾರು ಹೇಳಿದ್ದು?" ಅಂದರು ವಾಲ್ಟರ್.

"ಬಿಸಿ ಕಡೆಯ ಲೂಯಿಸ್."

"ಮೀನಿನ ಸಾರು ಮಾಡುವವನೇ? ನಾನು ಅದರ ವಾಸನೆಯನ್ನಷ್ಟೇ ಬಲ್ಲೆ. ಒಳ್ಳೆಯ ಮನುಷ್ಯ ಇರಬೇಕು."

ಆಮೇಲೆ ಪೆಟ್ಟಿಗೆಯ ಮೇಲೆ ಕುಳಿತು ಹೇಳಿದರು. ಅವರ ಅಪ್ಪ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುವವರು, ಯೂನಿಯನ್ ಮನುಷ್ಯ. ಮೂವತ್ತಮೂರರಲ್ಲಿ ಹೊಸ ಸರ್ಕಾರ ಮೇ ಒಂದಕ್ಕೆ ಸಂಬಳದ ರಜೆ ಕೊಟ್ಟಿತು. ಕಾರ್ಮಿಕರು ಎಷ್ಟೋ ವರ್ಷದಿಂದ ಕೇಳುತ್ತಿದ್ದ ರಜೆ ಅದು. ಅಪ್ಪ ಮೆರವಣಿಗೆಗೂ ಹೋಗಿ ಬಂದರು. ಮೇ ಎರಡರ ಬೆಳಿಗ್ಗೆ ಯೂನಿಯನ್ ಕಚೇರಿಗೆ ಹೋದರೆ ಬಾಗಿಲಲ್ಲಿ ಹಿಟ್ಲರನ ದಂಡಿನ ಕಂದು ಅಂಗಿಯವರು ನಿಂತಿದ್ದರು. ದೇಶದಲ್ಲಿದ್ದ ಯೂನಿಯನ್ನುಗಳೆಲ್ಲ ಹಾಗೆ ಮುಗಿದವು. ಮರುವರ್ಷ ಕಾನೂನು ಬಂತು: ಕಾರ್ಖಾನೆಗೆ ಮಾಲೀಕನೇ ನಾಯಕ, ದುಡಿಯುವವರು ಅವನ ಅನುಯಾಯಿಗಳು.

"ಅಪ್ಪನನ್ನು ಮೊದಲ ಸಲ ಹಿಡಿದದ್ದು ಸೋಷಿಯಲಿಸ್ಟ್ ಅಂತ. ಎರಡನೆಯ ಸಲ ಯಹೂದಿ ಅಂತ. ಎರಡನೆಯ ಸಲ ಹೋದವರು ಬರಲಿಲ್ಲ."

ಪೆಟ್ಟಿಗೆಯಿಂದ ಏಳುತ್ತಾ ತಾವೇ ಸೇರಿಸಿದರು: "ಆದರೆ ಲೂಯಿಸ್ ಹೇಳಿದ್ದು ಪೂರ್ತಿ ಗಾಳಿಮಾತಲ್ಲ. ನಮ್ಮ ಮೇಲಿನ ಮಹಡಿಯ ಬಡಗಿ ಆ ಪಕ್ಷ ಸೇರಿದ್ದು ಸೋಷಿಯಲಿಸಂ ಬರುತ್ತದೆ ಅಂತಲೇ. ದೊಡ್ಡ ಅಂಗಡಿಗಳನ್ನು ತೆಗೆದುಕೊಂಡು ಸಣ್ಣ ವ್ಯಾಪಾರಿಗಳಿಗೆ ಕೊಡುತ್ತೇವೆ ಅಂತ ಪಕ್ಷದವರು ಬರೆದಿದ್ದರು. ಕಾದ, ಕಾದ. ಕೊನೆಗೆ ಬಂದದ್ದು ಹಿಟ್ಲರನ ಭಾಷಣ ಕೇಳುವುದಕ್ಕೆ ಒಂದು ಅಗ್ಗದ ರೇಡಿಯೊ."

ಅದಾದ ಮೇಲೆ ಎರಡು ಶನಿವಾರ ಚಂದ್ರವ್ವ ಮಗಳು ಜಯಾಳನ್ನು ಕರೆದುಕೊಂಡು ಲೈಬ್ರರಿಗೆ ಹೋದಳು. ಹಿಟ್ಲರನ ಕಾಲದ ಪುಸ್ತಕ ಅರ್ಧ ಓದುವಷ್ಟರಲ್ಲೇ ಜಯಾ, "ಮಮ್, ಇಟ್ಸ್ ಕಾಂಪ್ಲಿಕೇಟೆಡ್" ಅಂದಳು.

"ಕಾಂಪ್ಲಿಕೇಟೆಡ್ ಇದ್ರ ಸಾವಕಾಶ ಓದು."

ಜಯಾ ಓದಿದಂತೆ ಚಂದ್ರವ್ವ ಒಂದು ಹಳೆಯ ಕಾರ್ಡಿನ ಹಿಂಬದಿಯಲ್ಲಿ ಬರೆದಳು. ಸೋಷಿಯಲಿಸಂ ಅಂದರೆ ಒಳಗೆ ಏನೇನು ಇರಬೇಕು ಎಂಬುದು ಎಡಕ್ಕೆ, ಸಿಕ್ಕಿತೋ ಇಲ್ಲವೋ ಎಂಬುದು ಬಲಕ್ಕೆ. ಸೋಮವಾರ ಕ್ಯಾಂಟೀನಿನಲ್ಲಿ ಅದನ್ನು ಲೂಯಿಸರ ತಟ್ಟೆಯ ಪಕ್ಕ ಇಟ್ಟಳು. ಬಿಸಿ ಕಡೆಯವರೆಲ್ಲ ಕುರ್ಚಿ ಎಳೆದುಕೊಂಡರು.

"ಒಟ್ಟು ಒಂಬತ್ತು ಸಾಮಾನು ಬರದೇನ್ರಿ. ಹಿಟ್ಲರನ ಡಬ್ಬಿಯೊಳಗ ಮೂರು ಸಿಕ್ಕಾವು."

"ಯಾವ ಮೂರು?"

"ಏನು ಮಾಡಬೇಕು, ಎಷ್ಟಕ್ಕ ಮಾರಬೇಕು ಅಂತ ಸರಕಾರ ಫ್ಯಾಕ್ಟರಿಗೆ ಹೇಳ್ತಿತ್ರಿ. ಅದು ಒಂದು. ಕೆಲಸಗಾರರಿಗೆ ರಜಾ, ಸೋವಿ ಪ್ರವಾಸ, ಅದು ಎರಡು. ಮೂರನೇದು, ಶ್ರೀಮಂತರಿಗೆ ಬೈಯೂದು. ಅದನ್ನ ಮಾತ್ರ ಹೊಟ್ಟಿತುಂಬ ಮಾಡ್ಯಾರ."

ಲೂಯಿಸ್ ತಮ್ಮವರ ಕಡೆ ತಿರುಗಿ, "ಕೇಳಿದಿರಲ್ಲ?" ಅನ್ನುವಂತೆ ನೋಡಿದರು.

"ಸಿಗಲಾರದ್ದೂ ಕೇಳ್ರಿ. ಫ್ಯಾಕ್ಟರಿ ಮಾಲೀಕನ ಕೈಯಾಗ ಉಳೀತು. ಸರಕಾರದ ಕೈಗೆ ಬಂದಿದ್ದ ಬ್ಯಾಂಕುಗಳನ್ನ ತಿರುಗಿ ಖಾಸಗಿಯವರಿಗೆ ಮಾರಿದ್ರು. ಯೂನಿಯನ್ ಇಲ್ಲ. ಮುಷ್ಕರ ಇಲ್ಲ. ಮುಂದಾಳನ್ನ ಆರಿಸೂದಿಲ್ಲ, ಇಳಸೂದಿಲ್ಲ. ಎಲ್ಲಾರೂ ಸರಿಸಮ ಅನ್ನೂದು ಮೊದಲಿಗೇ ಇಲ್ಲ. ಇಂಥಾ ರಕ್ತದವರಷ್ಟ ಮನಷ್ಯಾರು, ಉಳಿದವರು ಮನಷ್ಯಾರ ಅಲ್ಲ."

"ಮೂರಾದರೂ ಉಂಟಲ್ಲ."

"ಅಣ್ಣಾರ, ನೀವು ಪುಳಿಮುಂಚಿಗೆ ಹುಳಿ ಹಾಕಿದ್ರಿ, ಮೆಣಸಿನಕಾಯಿ ಹಾಕಿದ್ರಿ, ಬಳ್ಳೊಳ್ಳಿ ಹಾಕಿದ್ರಿ. ಮೀನ ಹಾಕಲಿಲ್ಲ. ಮ್ಯಾಲ ಸ್ಟಿಕ್ಕರ್ ಹಚ್ಚಿ ಕಳಸ್ತೀರೇನು?"

"ಮೀನಿಲ್ಲದೆ ಪುಳಿಮುಂಚಿ ಆಗುವುದು ಹೇಗೆ?" ಅಂದುಬಿಟ್ಟರು ಲೂಯಿಸ್. ಅಂದ ಮೇಲೆ ತಾವು ಅಂದದ್ದು ಅವರಿಗೇ ಕೇಳಿಸಿತು. ಈ ಸಲ ನಗು ಅವರ ಮೇಲೆ ಬಂತು. ಆದರೂ ಬಿಡಲಿಲ್ಲ.

"ಹಾಗಾದರೆ ರಷ್ಯಾ? ಅಲ್ಲಿ ಕಾರ್ಖಾನೆ ಸರ್ಕಾರದ್ದೇ. ಬಾಯಿ ಬಿಟ್ಟವರನ್ನು ಹಿಮಕ್ಕೆ ಕಳಿಸಿದರು."

"ಕಳಿಸಿದ್ರಂತ. ಅದು ಬ್ಯಾರೆ ಡಬ್ಬಿ ಅಣ್ಣಾರ, ನಾ ಇನ್ನೂ ತೆಗದು ನೋಡಿಲ್ಲ. ಒಳಗ ಹುಳ ಇದ್ರ ಹುಳ ಅಂತನ ಹೇಳ್ತೀನಿ."

ಲೂಯಿಸ್ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿದರು. ಆಮೇಲೆ, ತಮ್ಮವರಿಗೆ ಕೇಳಿಸದಷ್ಟು ತಗ್ಗಿದ ದನಿಯಲ್ಲಿ ಹೇಳಿದರು: "ಮುಷ್ಕರ ಸಾಕು ಅಂತ ಅಪ್ಪ ಆರನೇ ತಿಂಗಳಲ್ಲೇ ಹೇಳಿದ್ದರು. ಲೀಡರುಗಳು ಅವರನ್ನು ದ್ರೋಹಿ ಅಂದರು. ಚರ್ಚಿನಲ್ಲಿ ಕೂಡ ಯಾರೂ ಮಾತಾಡಿಸ್ತಿರಲಿಲ್ಲ. ನಾಳೆ ನಾನು ನಿಮಗೆ ಬೇಡ ಅಂದರೆ ನೀವು ಎಂತ ಅಂತೀರಿ?"

ಇಷ್ಟು ದಿನ ಅವರ ಗಂಟಲಲ್ಲಿ ಸಿಕ್ಕಿಕೊಂಡಿದ್ದು ಇದೇ ಅಂತ ಚಂದ್ರವ್ವನಿಗೆ ಆಗ ತಿಳಿಯಿತು.

"ಬ್ಯಾಡ ಅಂದವರು ಅಂತೀನ್ರಿ, ದ್ರೋಹಿ ಅನ್ನೂದಿಲ್ಲ. ವರ್ಷಕ್ಕೊಮ್ಮೆ ಚುನಾವಣಿ ಐತ್ರಿ. ನನ್ನ ಎದುರು ನಿಲ್ರಿ, ನನ್ನ ಇಳಸ್ರಿ. ಮರುದಿನಾನೂ ನಾ ನಿಮ್ಮ ಕೂಡ ಚಾ ಕುಡಿತೀನಿ."

"ನಿಲ್ತೇನೆ, ನೋಡಿ ಬೇಕಾದರೆ" ಅಂದರು ಲೂಯಿಸ್. ಪೆನ್ನು ಕೇಳಿದರು.

ಚಂದ್ರವ್ವ ಗೆದ್ದಳು. ಮ್ಯಾನೇಜರುಗಳೊಂದಿಗೆ ನಾಲ್ಕು ತಿಂಗಳು ಜಗ್ಗಾಡಿ ಜಾಕೆಟ್ಟುಗಳನ್ನು ತಂದಳು. ಬಿಡುವು ಹತ್ತು ಕೇಳಿದ್ದಕ್ಕೆ ಎಂಟು ನಿಮಿಷ ಸಿಕ್ಕಿತು. ಮೊದಲ ದಿನ ಹೆಂಗಸರಿಗೆ ಆ ಎಂಟು ನಿಮಿಷ ಏನು ಮಾಡಬೇಕು ಅಂತ ತೋಚದೆ ಹೀಟರಿನ ಮುಂದೆ ಕೈಚಾಚಿಕೊಂಡು ಗುರುತಿಲ್ಲದ ಮದುವೆಗೆ ಬಂದವರ ಹಾಗೆ ಸುಮ್ಮನೆ ನಿಂತಿದ್ದರು. ಬಿಸಿ ಕಡೆಯಿಂದ ಒಂದು ಪಾತ್ರೆ ಕರಿಮೆಣಸಿನ ಸಾರು ಬಂತು. ಕಳಿಸಿದ್ದು ಯಾರು ಅಂತ ಕೇಳುವ ಅಗತ್ಯ ಇರಲಿಲ್ಲ.

ಮರುವರ್ಷ ಲೂಯಿಸ್ ನಿಂತೇಬಿಟ್ಟರು. ಬಿಡುವಿನಿಂದ ಟ್ರೇ ತಡವಾಗಿ, ಬಿಸಿ ಕಡೆಗೆ ಬೈಗುಳ ಬೀಳುತ್ತದೆ ಎನ್ನುವುದು ಅವರ ತಕರಾರು. ಅದರಲ್ಲಿ ನಿಜವೂ ಇತ್ತು. ಬಿಸಿ ಕಡೆಯವರಲ್ಲಿ ಹೆಚ್ಚಿನವರು ಅವರಿಗೇ ಓಟು ಹಾಕಿದರು, ಈ ಸಲ ಕೆಲವರು ಮಾತ್ರ ಚಂದ್ರವ್ವನಿಗೆ. ಲೂಯಿಸ್ ಹನ್ನೊಂದು ಓಟಿನಿಂದ ಸೋತರು. ಹಿಟ್ಲರ್ ವಿಷಯದಲ್ಲೂ ಅವರು ಪೂರ್ತಿ ಒಪ್ಪಿದ್ದಿಲ್ಲ, ಮೂರು ಸಾಮಾನು ಇತ್ತಲ್ಲ ಅಂತ ಈಗಲೂ ಹೇಳುತ್ತಾರೆ.

ಎಣಿಕೆಯ ಮರುದಿನ ಚಂದ್ರವ್ವ ಕ್ಯಾಂಟೀನಿನಲ್ಲಿ ಎರಡು ಚಾ ಇಟ್ಟುಕೊಂಡು ಕುಳಿತಿದ್ದಳು. ಲೂಯಿಸ್ ಬಂದು ಎದುರು ನಿಂತರು, ಕೂರಲಿಲ್ಲ.

"ನಮ್ಮ ಕಡೆ ಹೊಗೆ ಎಳೆಯುವ ಫ್ಯಾನು ಹಾಳಾಗಿ ಮೂರು ವಾರ ಆಯಿತು. ಯಾರೂ ಕೇಳುವವರಿಲ್ಲ. ನಾನು ನಿಮಗೆ ಓಟು ಹಾಕಲಿಲ್ಲ, ಅದನ್ನೂ ಹೇಳ್ತೇನೆ."

"ನಿಂತವರು ತಮಗ ತಾವು ಹಾಕ್ಕೋತಾರ್ರಿ, ಅದೇನು ದೊಡ್ಡ ಮಾತು" ಅಂದಳು ಚಂದ್ರವ್ವ. ಚೀಲದಿಂದ ನೋಟ್‌ಬುಕ್ ತೆಗೆದಳು. "ಕೂಡ್ರಿ. ಯಾವ ಫ್ಯಾನು, ಒಲಿ ಮ್ಯಾಲಿಂದೋ ಬಾಗಿಲ ಕಡಿಂದೋ?"