ಹಗ್ಗ ಹಾಕಬಾರದ ಹೋತ

ನಾನು ಮದುವೆಯಾಗಿ ಹೋದ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಮರ್ಯಾದೆ ಇದ್ದದ್ದು ಒಂದು ಹೋತಕ್ಕೆ. ಅದರ ನಂತರ ನಮ್ಮ ಅತ್ತೆ, ಆಮೇಲೆ ರೇಡಿಯೋ, ಆಮೇಲೆ ನನ್ನ ಗಂಡ. ನನ್ನ ಸರದಿ ಕೋಳಿಗಳಾದ ಮೇಲೆ. ಕೋಳಿಗಳು ತತ್ತಿ ಇಡುವುದನ್ನು ನಿಲ್ಲಿಸಿದ ದಿನಗಳಲ್ಲಿ ಮಾತ್ರ ನಾನು ಒಂದು ಮೆಟ್ಟಿಲು ಮೇಲೇರುತ್ತಿದ್ದೆ.

ಇದು ಎಂಬತ್ತರ ದಶಕದ ಕೊನೆಯ ಮಾತು. ಬ್ಯಾಡಗಿಯ ಅಂಚಿನಲ್ಲಿ, ಊರು ಮುಗಿದು ಹೊಲ ಶುರುವಾಗುವ ಕಡೆ ನಮ್ಮ ಮನೆ. ಮುಂದೆ ಅಂಗಳ, ಹಿಂದೆ ಹಿತ್ತಲು, ಒಂದು ಬೇವಿನ ಮರ, ಬೇಲಿಗುಂಟ ಜಾಲಿ. ಗಂಡ ಪ್ರಾಥಮಿಕ ಶಾಲೆಯ ಮಾಸ್ತರು. ಸಂಜೆ ರೇಡಿಯೋದಲ್ಲಿ ರೈತರ ಕಾರ್ಯಕ್ರಮ ಬಂತೆಂದರೆ ಕಿವಿ ಹಚ್ಚಿ ಕೂತುಬಿಡುತ್ತಿದ್ದರು. ಜನ್ಮದಲ್ಲಿ ಗುದ್ದಲಿ ಮುಟ್ಟದ ಮನುಷ್ಯನಿಗೆ ಒಕ್ಕಲುತನದ ಬಗ್ಗೆ ಎಷ್ಟು ತಿಳಿದಿರಬಹುದೋ ಅಷ್ಟೂ ಅವರಿಗೆ ತಿಳಿದಿತ್ತು. ಅಂದರೆ ಬಹಳ.

ಆಡು ಸಾಕುವ ಪ್ರಸಂಗ ಬಂದದ್ದು ಮಗಳಿಂದ. ಹೆರಿಗೆಯಾಗಿ ಕೆಲವು ತಿಂಗಳಿಗೆ ನನಗೆ ವಿಷಮಜ್ವರ ಬಂದು ಎದೆಹಾಲು ಬತ್ತಿತು. ಎಮ್ಮೆ ಹಾಲು ಕುಡಿಸಿದರೆ ಕೂಸಿಗೆ ವಾಂತಿ, ಆಕಳ ಹಾಲು ಕುಡಿಸಿದರೆ ಭೇದಿ. ಗಂಜಿ ಕಂಡರೆ ಬಾಯಿಗೆ ಕೀಲಿ. ಹತ್ತು ತಿಂಗಳಾದರೂ ಎತ್ತಿಕೊಂಡರೆ ಕೈಗೆ ಭಾರವೇ ತಿಳಿಯುತ್ತಿರಲಿಲ್ಲ. ರಾಣೆಬೆನ್ನೂರಿನ ಡಾಕ್ಟರು ಅವಳ ಹೊಟ್ಟೆ ಒತ್ತಿ ನೋಡಿ, "ಆಡಿನ ಹಾಲು ಕಾಸಿ ಕುಡಿಸಿ ನೋಡ್ರಿ" ಎಂದರು. ಒಂದು ಆಡು ತಂದರೆ ಸಾಕಿತ್ತು. ಆದರೆ ನಮ್ಮ ಮನೆಯಲ್ಲಿ ರೇಡಿಯೋ ಇತ್ತಲ್ಲ!

"ಬರೇ ಆಡು ತಂದ್ರ ಆಗೂದಿಲ್ಲ," ಎಂದರು ಗಂಡ. "ಎರಡು ಬೇಕು, ಒಂದು ಬತ್ತಿದ್ರ ಇನ್ನೊಂದು ಹಿಂಡಾಕ. ಕೋಳೀನೂ ಬೇಕು. ಆಡಿನ ಮೈಮ್ಯಾಲಿನ ಉಣ್ಣಿ ಕೋಳಿ ತಿಂತಾವ. ಕೋಳಿ ಹಿಕ್ಕಿ ಗೊಬ್ಬರ ಆಗತೈತಿ. ಗೊಬ್ಬರಕ್ಕ ಸೊಪ್ಪು ತಪ್ಪಲ ಬೆಳೀತೈತಿ. ಆ ತಪ್ಪಲ ಮತ್ತ ಆಡು ತಿಂತಾವ. ಹಿಂಗ ಚಕ್ರ ತಿರಗತೈತಿ ನೋಡು."

"ಈ ಚಕ್ರದಾಗ ನಾ ಎಲ್ಲಿ ಬರ್ತೇನ್ರಿ?" ಎಂದು ಕೇಳಿದೆ.

"ಚಕ್ರ ತಿರಗಸಾಕಿ ನೀನ ಅಲ್ಲೇನು?" ಎಂದರು. ಆ ಮಾತಿನಲ್ಲಿ ಒಂದು ಚೂರೂ ಸುಳ್ಳಿರಲಿಲ್ಲ.

ಹೀಗೆ ಎರಡು ಆಡು, ಎಂಟು ಕೋಳಿ, ಒಂದು ಹುಂಜ ಬಂದವು. ನಮ್ಮದು ಮಾಂಸ ತತ್ತಿ ತಿನ್ನದ ಮನೆ. ಕೋಳಿಯ ಸುದ್ದಿಗೆ ಅತ್ತೆ ಮೊದಲು ಎದೆ ಬಡಿದುಕೊಂಡರು. ಆಮೇಲೆ ತತ್ತಿ ಹೊಸ್ತಿಲು ದಾಟಬಾರದು ಎಂಬ ಕರಾರಿನ ಮೇಲೆ ಒಪ್ಪಿದರು. ತತ್ತಿಗಳು ಹಿತ್ತಲ ಬಾಗಿಲಿಂದಲೇ ಓಣಿಯವರ ಸೆರಗಿನಲ್ಲಿ ಹೋಗುತ್ತಿದ್ದವು. ಮೆಣಸಿನಕಾಯಿ ಸುಗ್ಗಿಯಲ್ಲಿ ಸುತ್ತಲಿನ ಅಂಗಳವೆಲ್ಲ ಕೆಂಪು. ನಮ್ಮ ಕೋಳಿಗಳಿಗೆ ನಾನು ಹಾಕಿದ ನುಚ್ಚು ರುಚಿಸುತ್ತಿರಲಿಲ್ಲ, ಮಂದಿ ಒಣಹಾಕಿದ ಕಾಯಿಯ ಬೀಜವೇ ಬೇಕು. "ಯವ್ವಾ, ನಿಮ್ಮ ತತ್ತಿ ಒಡದ್ರ ಒಳಗ ಕುಂಕುಮ ಕಲಸಿಟ್ಟಂಗ ಐತಿ, ಕೋಳಿಗೂ ಚಟ್ನಿ ಅರದು ಹಾಕತೀಯೇನು?" ಎಂದು ಓಣಿಯ ಹೆಂಗಸರು ಕೇಳುತ್ತಿದ್ದರು. ನಾವು ತಿನ್ನುವವರಲ್ಲ, ನೋಡಿದವರೂ ಅಲ್ಲ. ಆದ್ದರಿಂದ ನಾನು ಗಂಭೀರವಾಗಿ ಹೌದು ಎನ್ನುತ್ತಿದ್ದೆ.

ಬೆಳಿಗ್ಗೆ ಎದ್ದು ಕೋಳಿ ಬಿಡುವುದು, ಹಿಕ್ಕಿ ಬಳಿಯುವುದು, ಆಡು ಹಿಂಡುವುದು, ಬೇವಿನ ತಪ್ಪಲು ಕಡಿದು ತೂಗುಹಾಕುವುದು. ಅಷ್ಟರಲ್ಲಿ ಅತ್ತೆಗೆ ಚಹಾ. ಈ ಚಹಾದ ಮಾತು ಇಲ್ಲೇ ಹೇಳಿಬಿಡಬೇಕು. ಹಾಸಿಗೆಯಿಂದ ಏಳಲು ಒಂದು ಕಪ್ಪು, ಎದ್ದದ್ದಕ್ಕೆ ಒಂದು, ಮಧ್ಯಾಹ್ನ ಒಂದು, ದೀಪ ಹಚ್ಚಿದ ಮೇಲೆ ಒಂದು. ಹೊತ್ತು ಸ್ವಲ್ಪ ತಪ್ಪಿದರೆ ಸೆರಗನ್ನು ತಲೆಗೆ ಬಿಗಿದು ಕಟ್ಟಿಕೊಂಡು, ಈ ಮನೆಯಲ್ಲಿ ತನ್ನನ್ನು ಕೇಳುವವರೇ ಇಲ್ಲ ಎಂದು ಗೋಡೆಗೆ ಹೇಳುತ್ತಿದ್ದರು. ಆಡು ಬಂದ ಮೇಲೆ ಚಹಾಕ್ಕೂ ಅದೇ ಹಾಲು. ಕೂಸಿನ ಪಾಲು ತೆಗೆದ ಮರುಕ್ಷಣವೇ ಅವರ ಪಾಲು ತೆಗೆದಿಡಬೇಕಿತ್ತು.

ಖರೇ ಹೇಳಬೇಕೆಂದರೆ ಆಡಿನ ಹಾಲು ಮಗಳಿಗೆ ಒಗ್ಗಿತು. ಕುಡಿದದ್ದು ಹೊಟ್ಟೆಯಲ್ಲಿ ನಿಂತಿತು. ಗಲ್ಲ ತುಂಬಿತು. ಅಷ್ಟರಲ್ಲಿ ಒಂದು ಆಡು ಗಂಡುಮರಿ ಈದಿತು, ಅದೇ ವಾರ ಮಗಳಿಗೆ ಜ್ವರ ಬಂತು. ಡಾಕ್ಟರು ಔಷಧ ಕೊಟ್ಟರು. ಅತ್ತೆ ಅಷ್ಟಕ್ಕೆ ಬಿಡುವವರಲ್ಲ. ಮರಿಯ ಹಣೆಗೆ ದೇವರ ಅರಿಷಿಣ ಭಂಡಾರ ಹಚ್ಚಿ, ಕಿವಿಯ ತುದಿ ಕತ್ತರಿಸಿ, ದೇವರಗುಡ್ಡದ ದಿಕ್ಕಿಗೆ ಕೈಮುಗಿದರು.

"ಯಪ್ಪಾ ಮೈಲಾರಲಿಂಗಾ, ಕೂಸಿನ ಹೊಟ್ಟಿ ನೆಟ್ಟಗ ಇಡು. ಈ ಮರಿ ನಿನಗ ಬಿಟ್ಟೇನಿ. ಜೀವ ಇರೂತನಕ ನಮ್ಮ ಅಂಗಳದಾಗ ನಿನ್ನ ಹೆಸರಲೆ ಅಡ್ಡಾಡಲಿ."

ಜ್ವರ ಇಳಿಯಿತು. ಔಷಧದ ಬಾಟಲಿ ಪಾಪ, ಮೂಲೆಯಲ್ಲಿ ಖಾಲಿಯಾಗಿ ಕೂತಿತ್ತು. ಅದನ್ನು ಯಾರೂ ಕೇಳಲಿಲ್ಲ.

ದೇವರಿಗೆ ಬಿಟ್ಟದ್ದು ಎಂದರೆ ಹಗ್ಗ ಹಾಕುವಂತಿಲ್ಲ, ಬಡಿಯುವಂತಿಲ್ಲ, ಮಾರುವಂತಿಲ್ಲ, ಬಯ್ಯುವುದಂತೂ ದೂರದ ಮಾತು. ಎಂಟು ತಿಂಗಳಲ್ಲಿ ಆ ಮರಿ ಗಡ್ಡ ಬಿಟ್ಟ ಹೋತವಾಯಿತು. ನನ್ನ ಗಂಡ ತಿದ್ದಲು ತಂದಿದ್ದ ಮಕ್ಕಳ ಉತ್ತರಪತ್ರಿಕೆ ತಿಂದಿತು. ಆ ವರ್ಷ ಅಷ್ಟೂ ಮಕ್ಕಳು ಪಾಸು. ಪಕ್ಕದ ಮನೆಯವರ ಮೆಣಸಿನಕಾಯಿ ರಾಶಿಯ ಮೇಲೆ ಹೋಗಿ ಮಲಗಿತು. ಆ ಮನೆಯ ಯಜಮಾನರು ಬಡಿಗೆ ಎತ್ತಿದವರು ಕತ್ತರಿಸಿದ ಕಿವಿ ನೋಡಿ ಕೆಳಗಿಳಿಸಿದರು. "ಬಡಿಯಂಗಿಲ್ಲ, ಬಯ್ಯಂಗಿಲ್ಲ, ಏನ್ ದೇವರು ಗಂಟ ಬಿತ್ತಪ್ಪ ನಮಗ!" ಎಂದು, ಮರುಗಳಿಗೆಯೇ ಅಂಜಿ ಗಲ್ಲ ಬಡಿದುಕೊಂಡರು. ನಾನು ಒಮ್ಮೆ "ಹಚಾ" ಎಂದದ್ದಕ್ಕೆ ಅತ್ತೆ ಎರಡು ದಿನ ನನ್ನೊಂದಿಗೆ ಮಾತು ಬಿಟ್ಟರು. ಆಮೇಲಿಂದ ನಾನೂ "ಬಾರಪ್ಪ, ಸ್ವಲ್ಪ ಸರಿಯಪ್ಪ" ಎನ್ನತೊಡಗಿದೆ. ಗಂಡನಿಗೂ ಅಷ್ಟು ನಯವಾಗಿ ಹೇಳಿದವಳಲ್ಲ.

ಇದನ್ನೆಲ್ಲ ತಡೆದುಕೊಳ್ಳಬಹುದಿತ್ತು. ಆದರೆ ಬೆಳೆದ ಹೋತ ತನ್ನ ಗಡ್ಡದ ಮೇಲೆ ತಾನೇ ಉಚ್ಚೆ ಹೊಯ್ದುಕೊಂಡು, ಅದನ್ನೇ ಅತ್ತರು ಎಂದು ತಿಳಿದು ಹಗಲೆಲ್ಲ ಆಡುಗಳ ಮೈಗೆ ತಿಕ್ಕುತ್ತಿತ್ತು. ಆ ನಾತ ಹಾಲಿಗೆ ಇಳಿಯಿತು. ಕಾಸಿದರೆ ಇನ್ನೂ ಏಳುತ್ತಿತ್ತು. ಮಗಳು ಒಂದು ಗುಟುಕು ಬಾಯಿಗೆ ತೆಗೆದುಕೊಂಡು ಥೂ ಎಂದು ನನ್ನ ಮೈಮೇಲೆ ಉಗುಳಿದಳು. ಮರುದಿನ ಬಟ್ಟಲು ನೋಡಿಯೇ ಮುಖ ತಿರುಗಿಸಿದಳು. ಏಲಕ್ಕಿ ಹಾಕಿದೆ, ತುಳಸಿ ಹಾಕಿದೆ, ಅರಿಷಿಣ ಹಾಕಿದೆ. ಏಲಕ್ಕಿ ಹಾಕಿದ ಹೋತ, ತುಳಸಿ ಹಾಕಿದ ಹೋತ, ಅರಿಷಿಣ ಹಾಕಿದ ಹೋತ.

"ಅತ್ತಿ, ಹಾಲು ಹೋತದ ವಾಸನಿ ಹೊಡ್ಯಾಕತ್ತೈತ್ರಿ," ಎಂದೆ.

ಅತ್ತೆ ಅದೇ ಹಾಲಿನ ಚಹಾವನ್ನು ಬಸಿಗೆ ಹೊಯ್ದುಕೊಂಡು ಸೊರ್ ಎಂದು ಎಳೆದರು. "ಎಲ್ಲಿ ವಾಸನಿ? ನಿನ್ನ ಮೂಗಿನಾಗ ಐತಿ."

ಗಂಡನನ್ನು ಹಿತ್ತಲಲ್ಲಿ ಹಿಡಿದು ಹೇಳಿದೆ. ಅವರು ಆ ಕಡೆ ಈ ಕಡೆ ನೋಡಿ, "ಹೌದು, ರೇಡಿಯೋದಾಗ ಹೇಳ್ಯಾರ. ಹಿಂಡೂ ಆಡಿನ ಹತ್ರ ಹೋತ ಬಿಡಬಾರದಂತ," ಎಂದು ಪಿಸುಗುಟ್ಟಿದರು.

"ಗೊತ್ತಿದ್ರ ನಿಮ್ಮ ಅವ್ವಗ ಹೇಳ್ರಿ ಮತ್ತ!"

"ಅವ್ವಗ ನಾ ಹೆಂಗ ಹೇಳ್ಲಿ? ನೀನ ಹೇಳು, ನೀ ಚಲೋ ಮಾತಾಡ್ತಿ." ಮದುವೆಯಾದ ಇಷ್ಟು ವರ್ಷಗಳಲ್ಲಿ ನನ್ನ ಮಾತನ್ನು ಅವರು ಹೊಗಳಿದ್ದು ಅದೊಂದೇ ಸಲ.

ಹೋತವನ್ನು ಕಟ್ಟುವಂತಿಲ್ಲವಲ್ಲ, ಆಡುಗಳನ್ನೇ ಬಚ್ಚಲಮನೆಯಲ್ಲಿ ಕೂಡಿಹಾಕಿದೆವು. ನಾವು ಹಿತ್ತಲಲ್ಲಿ ಚಾದರ ಕಟ್ಟಿಕೊಂಡು ಜಳಕ ಮಾಡಿದೆವು. ಮೂರನೆಯ ದಿನ ಹೋತ ಬಚ್ಚಲ ಬಾಗಿಲನ್ನು ಗುದ್ದಿ ಗುದ್ದಿ ಕಿತ್ತು ಹಾಕಿತು. "ದೇವರಿಗೆ ಬಾಗಲಾ ಹಾಕಿದ್ರ ಹಿಂಗ ಆಗೂದು," ಎಂದರು ಅತ್ತೆ. ಬಾಗಿಲು ರಿಪೇರಿ ಮಾಡಿಸುವುದು ದೇವರ ಖರ್ಚೋ ನಮ್ಮದೋ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ನಗುವ ಮಾತೆಲ್ಲ ಅಲ್ಲಿಗೆ ಮುಗಿಯಿತು. ಮಗಳು ಇಳಿಯತೊಡಗಿದಳು. ನಡೆಯಲು ಕಲಿತವಳು ಮತ್ತೆ ಕೂತುಬಿಟ್ಟಳು. ರಾಣೆಬೆನ್ನೂರಿಗೆ ಕರೆದೊಯ್ದೆ. ಡಾಕ್ಟರು ತಕ್ಕಡಿಯಲ್ಲಿ ಕೂರಿಸಿ, "ಹೋದ ಸಲಕ್ಕಿಂತ ಹಗುರ ಆಗ್ಯಾಳಲ್ರಿ? ಹಾಲು ಬಿಡಸೀರೇನು?" ಎಂದರು. ಬಿಡಿಸಿದ್ದು ಯಾರು ಎಂದು ನಾನು ಹೇಗೆ ಹೇಳಲಿ? ಬಸ್ಸಿನಲ್ಲಿ ಅವಳನ್ನು ಎದೆಗೆ ಅವಚಿಕೊಂಡು ಬರುವಾಗ ನನ್ನ ಮೈಯೆಲ್ಲ ಉರಿಯುತ್ತಿತ್ತು. ಮನೆಯೊಳಗೆ ಕಾಲಿಟ್ಟವಳೇ ಬಾಯಿಗೆ ಬಂದದ್ದು ಅಂದೆ.

"ಕೂಸು ಸೊರಗಾಕತ್ತೈತ್ರಿ. ಹೋತ ದೇವರದ್ದಾದ್ರ ದೇವರ ತಗೊಂಡು ಹೋಗ್ಲಿ. ನಿಮಗ ಮೊಮ್ಮಗಳಿಗಿಂತ ಆ ಹೋತ ಹೆಚ್ಚಾತಲ್ರಿ, ಅತ್ತಿ!"

ಅತ್ತೆ ತಿರುಗಿ ಬಯ್ಯುತ್ತಾರೆ ಎಂದುಕೊಂಡಿದ್ದೆ. ಬಯ್ಯಲಿಲ್ಲ. "ನಮ್ಮ ಅಂಗಳದಾಗ ಇರತೈತಿ ಅಂತ ಮಾತು ಕೊಟ್ಟೇನವ್ವ," ಎಂದಷ್ಟೇ ಹೇಳಿ ಒಳಗೆ ಹೋದರು. ಗಂಡ ರೇಡಿಯೋ ಹಚ್ಚಿದರು.

ಮರುದಿನ ಬೆಳಿಗ್ಗೆ ನಾನು ಚಹಾ ಹಿಡಿದು ಹೋದರೆ ಅತ್ತೆ ಹಾಸಿಗೆಯಲ್ಲಿಲ್ಲ. ಹಿತ್ತಲಿಗೆ ಬಂದು ನೋಡಿದೆ. ಉಡಿಯಲ್ಲಿ ಜಾಲಿಕಾಯಿ ತುಂಬಿಕೊಂಡು, ಒಂದೊಂದೇ ಕೆಳಗೆ ಉದುರಿಸುತ್ತ, ಹೊಲದ ಬದುವಿನ ಮೇಲೆ ಹೊರಟಿದ್ದರು. ಹಿಂದೆ ಹೋತ, ಜಾಲಿಕಾಯಿ ತಿನ್ನುತ್ತ. ಹಗ್ಗವಿಲ್ಲ, ಬಡಿಗೆಯಿಲ್ಲ. ಬದುವಿನಾಚೆ ಕುರುಬರು ಬಂದು ಹೊಲದಲ್ಲಿ ಕುರಿ ತರುಬಿ ಬೀಡುಬಿಟ್ಟಿದ್ದರು. ಮಧ್ಯಾಹ್ನ ಅತ್ತೆ ಒಬ್ಬರೇ ವಾಪಸು ಬಂದು ಕಾಲು ತೊಳೆದುಕೊಂಡರು.

"ಹೋತ ಎಲ್ರಿ?"

"ಕುರಿ ಹಿಂದ ಹೋತು. ಅವರು ದೇವರಗುಡ್ಡದ ಕಡೆ ಹೊಂಟಾರ." ಅಷ್ಟೇ.

ನಾನು ಒಳಗೊಳಗೇ ಹಿಗ್ಗಿದೆ. ಮುಂದಿನ ಸಂತೆಯಲ್ಲೇ ಕುರುಬ ಅದನ್ನು ದಾಟಿಸುತ್ತಾನೆ, ದೇವರು ನೋಡುತ್ತ ಕೂತಿರುತ್ತಾನೆ ಎಂದುಕೊಂಡೆ. ನಾಲ್ಕೈದು ದಿನಕ್ಕೆ ಹಾಲಿನ ನಾತ ಹೋಯಿತು. ಮಗಳು ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಪೂರ್ತಿ ಕುಡಿದು, ಇನ್ನೂ ಬೇಕು ಎಂದು ನೆಲಕ್ಕೆ ಬಡಿದಳು. ನಾನು ಒಲೆಯ ಮುಂದೆ ಕೂತು ಅತ್ತುಬಿಟ್ಟೆ.

ಆದರೆ ಅತ್ತೆ ಹೋತ ಹೋದ ದಿನದಿಂದ ಚಹಾ ಮುಟ್ಟಲಿಲ್ಲ. "ವಲ್ಲೆವ್ವ, ಪಿತ್ತ ಆಗೇತಿ," ಎನ್ನುತ್ತಿದ್ದರು. ಪಿತ್ತವಂತೆ! ಇದು ನನ್ನ ಮೇಲಿನ ಸಿಟ್ಟು ಎಂದು ನನಗೆ ಖಾತ್ರಿಯಿತ್ತು. ತಲೆನೋವಿನಿಂದ ಸೆರಗು ಬಿಗಿದುಕೊಂಡು ಮಲಗಿದ್ದನ್ನು ನೋಡಿಯೂ ನನಗೆ ಕನಿಕರ ಬರಲಿಲ್ಲ. ದಿನಾ ಬೇಕಂತಲೇ ಹಬೆಯಾಡುವ ಕಪ್ಪು ತಂದು ಅವರ ಮುಂದೆ ಇಡುತ್ತಿದ್ದೆ. ಅವರು ಅದನ್ನು ಸ್ವಲ್ಪ ಹೊತ್ತು ನೋಡಿ ಆಚೆ ಸರಿಸುತ್ತಿದ್ದರು. ಆಮೇಲೆ ಅಲ್ಲೇ ಕೂತು ಬಸಿಯಲ್ಲಿ ಹೊಯ್ದು ಸೊರ್ ಎನ್ನಿಸಿ ನಾನೇ ಕುಡಿಯುತ್ತಿದ್ದೆ. "ನಮ್ಮ ಅತ್ತೀಗೆ ಹೋತದ ಸೂತಕ," ಎಂದು ತತ್ತಿಗೆ ಬಂದ ಹೆಂಗಸರಿಗೆ ಹೇಳಿ ನಗಿಸುತ್ತಿದ್ದೆ. ಒಂದು ವರ್ಷ ಹೀಗೆ ನಗಿಸಿದೆ.

ಮರುವರ್ಷ ಅದೇ ಕುರುಬ ಅದೇ ಹೊಲಕ್ಕೆ ಬಂದ. ಕುಡಿಯಲು ನೀರು ಕೇಳಿ ಹಿತ್ತಲ ಬಾಗಿಲಿಗೆ ನಿಂತವನಿಗೆ ಚಹಾ ಕೊಟ್ಟು, ಕೊಂಕಿನಿಂದಲೇ ಹೋತದ ಸುದ್ದಿ ಕೇಳಿದೆ.

"ಆರಾಮ ಐತ್ರಿ. ಹಿಂಡಿನ ಮುಂದ ಅದ ನಡೀತೈತಿ. ಇವತ್ತಿನವರೆಗೂ ಹಗ್ಗ ಹಾಕಿಲ್ಲ," ಎಂದ. ಕಪ್ಪು ಹಿಡಿದವನು ನೆನಪಾದವನಂತೆ ಕೇಳಿದ: "ದೊಡ್ಡವ್ವಾರು ಇನ್ನೂ ಚಾ ಕುಡಿಯಂಗಿಲ್ಲೇನ್ರಿ?"

ನಿನಗೆ ಹೇಗೆ ಗೊತ್ತು ಎಂದೆ.

"ನನ್ನ ಮುಂದ ಆಣಿ ಮಾಡ್ಯಾರಲ್ರಿ. ಭಂಡಾರ ಕೈಯಾಗ ಹಿಡಕೊಂಡು, 'ಅಂಗಳದಾಗ ಸಾಕತೇನಂದು ಮಾತು ತಪ್ಪೇನಿ ಯಪ್ಪಾ, ತಪ್ಪಿಗೆ ನನ್ನ ಚಾ ತಗೋ, ಸಾಯೂತನಕ ಮುಟ್ಟೂದಿಲ್ಲ, ಕೂಸಿನ ತಂಟೆಕ ಮಾತ್ರ ಬರಬ್ಯಾಡ,' ಅಂದ್ರು. ಅಳಾಕತ್ತಿದ್ರುರಿ."

ಅವನ ಖಾಲಿ ಕಪ್ಪನ್ನು ಒಳಗೆ ತಂದು ತೊಳೆದಿಟ್ಟೆ.

ನನಗೆ ಗೊತ್ತಾಯಿತೆಂದು ಅತ್ತೆಗೆ ಹೇಳಲಿಲ್ಲ. ಅವರ ಮುಂದೆ ಕಪ್ಪು ಇಡುವುದನ್ನು ಮಾತ್ರ ಮರುದಿನದಿಂದಲೇ ಬಿಟ್ಟೆ. ನನ್ನ ಚಹಾವನ್ನು ಹಿತ್ತಲಿಗೆ ಒಯ್ದು, ಅವರಿಗೆ ಕಾಣದಂತೆ ಬೇವಿನ ಮರದ ಹಿಂದೆ ಕೋಳಿಗಳ ನಡುವೆ ನಿಂತು ಕುಡಿಯತೊಡಗಿದೆ. ಬಸಿಗೆ ಹೊಯ್ಯುತ್ತಿರಲಿಲ್ಲ, ಸಪ್ಪಳ ಆಗುತ್ತದಲ್ಲ.

ಹೀಗೆ ಎಷ್ಟೋ ದಿನಗಳಾದ ಮೇಲೆ ಒಂದು ಬೆಳಿಗ್ಗೆ ಅತ್ತೆ ಹಿತ್ತಲ ಬಾಗಿಲಿಗೆ ಬಂದು ನಿಂತರು. ಮಗಳು ಅವರ ಸೀರೆ ಹಿಡಿದುಕೊಂಡು ನಿಂತಿದ್ದಳು, ಮೂತಿಯ ತುಂಬ ಹಾಲಿನ ನೊರೆ.

"ಒಳಗ ಕುಂತು ಕುಡಿಯವ್ವ. ಅಲ್ಲಿ ಕೋಳಿ ಧೂಳ ಹಾರಸ್ತಾವ," ಎಂದರು.

ನಾನು ಕಪ್ಪನ್ನು ಸೆರಗಿನ ಮರೆಗೆ ಸರಿಸಿದೆ. ಅವರು ಒಳಗೆ ಹೋಗಲಿಲ್ಲ. ಸೆರಗಿನ ಮರೆಯ ಕಪ್ಪಿನ ಕಡೆಗೇ ಕಣ್ಣಿಟ್ಟಿದ್ದರು.

"ಹಾಲು ಈಗ ವಾಸನಿ ಬರೂದಿಲ್ಲಲ್ಲ?" ಎಂದು ಕೇಳಿದರು.

"ಇಲ್ರಿ, ಅತ್ತಿ," ಎಂದೆ.