ಹನ್ನೊಂದು ಮಂದಿಯ ಎಡ ಮೊಣಕಾಲು

ಜುಲೈ ಒಂದರ ಬೆಳಗಿನ ಆರೂಕಾಲು. ಡೆಟ್ರಾಯ್ಟ್‌ನಿಂದ ಇಪ್ಪತ್ತು ಮೈಲಿ ಆಚೆಯ ಈ ಸಬ್‌ಡಿವಿಷನ್ ಬಡಾವಣೆಯಲ್ಲಿ ಎಲ್ಲರ ಮನೆಯ ಪರದೆಗಳೂ ಇನ್ನೂ ಮುಚ್ಚಿವೆ. ಶಿವಲಿಂಗಮ್ಮ ಮಾತ್ರ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ಮನೆ ಮುಂದಿನ ಹುಲ್ಲಿನ ಮೇಲೆ ಬಿಳಿ ಚಲ್ಲಣಗಳನ್ನು ಒಂದೊಂದಾಗಿ ಹರವುತ್ತಿದ್ದಾರೆ. ಇನ್ನೂರು ವರ್ಷದ ಹಿಂದಿನ ಸಿಪಾಯಿಗಳು ತೊಡುತ್ತಿದ್ದಂಥ, ಮೊಣಕಾಲಿಗೆ ಮುಗಿಯುವ ಚಲ್ಲಣಗಳು. ಒಟ್ಟು ಹನ್ನೊಂದು. ಒಂದೊಂದರ ಎಡ ಮೊಣಕಾಲಿನ ಬಳಿಯೂ ಕಾಸಗಲದ ಕೆಂಪು ಕಲೆ.

ಪೊಲೀಸ್ ಕಾರೊಂದು ಬಂದು ನಿಲ್ಲುತ್ತದೆ. ಒಳಗಿದ್ದವನು ಕಿಟಕಿ ಇಳಿಸಿ, ಚಲ್ಲಣಗಳನ್ನು ಎಣಿಸಿ, ಇವುಗಳಲ್ಲಿ ಇದ್ದವರೆಲ್ಲ ಎಲ್ಲಿ ಎಂದು ಕೇಳುತ್ತಾನೆ. ಶಿವಲಿಂಗಮ್ಮ ತಮಗೆ ಬರುವ ಇಂಗ್ಲಿಷಿನಲ್ಲಿ ಹೇಳುತ್ತಾರೆ: "ಎಲ್ಲಾ ಮಲಗಿದ್ದಾರೆ ಸರ್. ಶನಿವಾರ ಏಳುತ್ತಾರೆ."

ಪೊಲೀಸ್ ಕಾರಿನಿಂದ ಇಳಿಯುತ್ತಾನೆ. ಎದುರು ಮನೆಯ ಅನಸೂಯ ನೈಟಿಯ ಮೇಲೊಂದು ಕೋಟು ಹಾಕಿಕೊಂಡು ಓಡಿಬಂದು ವಿವರಿಸಲು ಹತ್ತು ನಿಮಿಷ ಹಿಡಿಯುತ್ತದೆ. ಅನಸೂಯ ಮೈಸೂರಿನವರು, ಡಾಕ್ಟರ ಹೆಂಡತಿ, ಕಾರು ಓಡಿಸಬಲ್ಲವರು. ಶಿವಲಿಂಗಮ್ಮನಿಗೆ ಈ ಊರಿನಲ್ಲಿ ಅವರೇ ಕಾಲು, ಅವರೇ ಬಾಯಿ.

"ಶಿವಲಿಂಗಮ್ನೋರೆ, ಪೊಲೀಸಿನವ್ರ ಹತ್ರ ನೀವು ಯೆಸ್, ನೋ ಅಷ್ಟೇ ಅನ್ನಿ. ಕಥೆ ಹೇಳೋದು ನನಗೆ ಬಿಡಿ."

"ಖರೇನ ಹೇಳೀನಲ್ಲವ್ವಾ," ಎನ್ನುತ್ತಾರೆ ಶಿವಲಿಂಗಮ್ಮ, ಹನ್ನೊಂದನೆಯ ಚಲ್ಲಣದ ಸುಕ್ಕು ತೀಡುತ್ತ.

ಅಮೆರಿಕಕ್ಕೆ ಸ್ವಾತಂತ್ರ್ಯ ಬಂದು ಇನ್ನೂರು ವರ್ಷವಾದ ಸಂಭ್ರಮಕ್ಕೆ ಈ ಊರಿನವರು ಶನಿವಾರ ಪಾರ್ಕಿನಲ್ಲಿ ಹಳೆಯ ಡೆಟ್ರಾಯ್ಟ್ ಕೋಟೆಯ ದೃಶ್ಯವೊಂದನ್ನು ಆಡಲಿದ್ದಾರೆ. ತೊಡಕೇನೆಂದರೆ, ಆ ಕಾಲದಲ್ಲಿ ಕೋಟೆ ಇದ್ದದ್ದು ಬ್ರಿಟಿಷರ ಕೈಯಲ್ಲಿ. ಹಾಗಾಗಿ ಸಿಪಾಯಿಗಳೆಲ್ಲ ಕೆಂಪು ಕೋಟಿನವರೇ ಆಗಬೇಕು, ಆದರೆ ಊರಿನಲ್ಲಿ ಯಾರಿಗೂ ಬ್ರಿಟಿಷರಾಗುವ ಮನಸ್ಸಿಲ್ಲ. ಕೊನೆಗೆ ಟೋಪಿಯಲ್ಲಿ ಚೀಟಿ ಹಾಕಿ ಎತ್ತಿದರಂತೆ. ಸೋತ ಇಪ್ಪತ್ತೆಂಟು ಮಂದಿಗೆ ಕೋಟು, ಚಲ್ಲಣ ಹೊಲಿಯುವ ಕೆಲಸ ಶಿವಲಿಂಗಮ್ಮನ ಪಾಲಿಗೆ ಬಂತು.

"ನಮ್ಮಜ್ಜ ನಲವತ್ತೆರಡರಾಗ ಬ್ರಿಟಿಷರನ್ನ ಓಡಸಾಕ ಜೇಲಿಗೆ ಹೋದಾಂವ್ರಿ," ಎಂದು ಅವರು ನಗುತ್ತಾರೆ. "ನಾ ಇಲ್ಲಿ ಕುಂತು ಅವರಿಗೆ ಗುಂಡಿ ಹಚ್ಚಾಕತ್ತೀನಿ."

ಒಂದು ಕೋಟಿಗೆ ಇಪ್ಪತ್ತನಾಲ್ಕು ಗುಂಡಿ. ಇಪ್ಪತ್ತೆಂಟು ಕೋಟಿಗೆ ಆರುನೂರ ಎಪ್ಪತ್ತೆರಡು. ಕಾರಿನ ಕಾರ್ಖಾನೆಯಲ್ಲಿ ಎಂಜಿನಿಯರಾಗಿರುವ ಗಂಡ ರೇವಣಪ್ಪ ಐದಕ್ಕೆ ಮನೆ ಬಿಟ್ಟರೆ, ಆಕೆ ಬೇಸ್‌ಮೆಂಟಿಗಿಳಿದು ಎಂಟರವರೆಗೆ ಹೊಲಿಯುತ್ತಾರೆ. ಮತ್ತೆ ರೊಟ್ಟಿ ಬಡಿದು, ಪಲ್ಯ ಮಾಡಿಟ್ಟು, ಮಧ್ಯಾಹ್ನ ಮೂರರವರೆಗೆ. ಹೊರಗೆ ಕಾಣುವ ಹೊಲಿಗೆಯೆಲ್ಲ ಕೈಯದ್ದೇ ಆಗಬೇಕು, ಹಳೆಯ ಕಾಲದಲ್ಲಿ ಮಷೀನಿರಲಿಲ್ಲ ಎಂಬುದು ಉಡುಪಿನ ಸಮಿತಿಯ ಮುಖ್ಯಸ್ಥೆ ಮಿಸೆಸ್ ಕೊವಾಲ್ಸ್ಕಿಯ ಕಟ್ಟಪ್ಪಣೆ.

ಗದಗಿನಲ್ಲಿ ಮನೆಯ ಎದುರಿಗಿದ್ದ ದರ್ಜಿಯ ಕಟ್ಟೆಯ ಮೇಲೆ ಕೂತು ಶಿವಲಿಂಗಮ್ಮ ಕಲಿತ ವಿದ್ಯೆ ಇದು. ಈ ದೇಶಕ್ಕೆ ಬಂದು ಏಳು ವರ್ಷ. ಕಾರು ಓಡಿಸಲು ಬಾರದು. ಫೆಬ್ರವರಿಯ ಹಿಮದಲ್ಲಿ ಎರಡೂವರೆ ಮೈಲಿ ದೂರದ ಅಂಗಡಿಯಿಂದ ಕೆಂಪು ಉಣ್ಣೆಬಟ್ಟೆಯ ಥಾನುಗಳನ್ನು, ಮಕ್ಕಳು ಜಾರಾಡುವ ಹಲಗೆಬಂಡಿಗೆ ಹಗ್ಗ ಕಟ್ಟಿ ಎಳೆದು ತಂದರು. "ಮಂದಿ ಕೂಸನ್ನ ಎಳೀತಾರ, ನಾ ಬಟ್ಟಿ ಎಳದೆ. ಕೂಸಿನಗಿಂತ ಛಲೋ, ಅಳಂಗಿಲ್ಲ." ಏಳು ವರ್ಷದಲ್ಲಿ ನಿಮಗೇನು ಬರುತ್ತದೆ ಎಂದು ಈ ಊರು ಅವರನ್ನು ಕೇಳಿದ್ದು ಇದೇ ಮೊದಲು.

ಅಂಥ ಕೆಲಸಕ್ಕೇ ಈಗ ಕುತ್ತು ಬಂದಿದೆ.

ಹೊಸ ಬಟ್ಟೆಯ ತುದಿಗೊಂದು ಬೊಟ್ಟು ಅರಿಶಿನ ಹಚ್ಚದೆ ಯಾರ ಮೈಮೇಲೂ ಹಾಕಿಸದ ರೂಢಿ ಶಿವಲಿಂಗಮ್ಮನದು. ಕಳೆದ ಭಾನುವಾರ ಮೊದಲ ಹನ್ನೊಂದು ಚಲ್ಲಣ ಕೊಡುವಾಗ ಎಲ್ಲದರ ಎಡಗಾಲಿನ ಅಂಚಿಗೂ ಹಚ್ಚಿಯೇ ಕೊಟ್ಟರು. ಮಿಸೆಸ್ ಕೊವಾಲ್ಸ್ಕಿ ಹಳದಿ ಚುಕ್ಕೆ ನೋಡಿ, ಅಡುಗೆಮನೆಯ ಕಲೆ ಇರಬೇಕೆಂದು, ಒಳ್ಳೆಯ ಮನಸ್ಸಿನಿಂದಲೇ ಹನ್ನೊಂದನ್ನೂ ಒಟ್ಟಿಗೆ ನೆನೆಸಿ ಸೋಪಿನ ಪುಡಿ ಹಾಕಿ ತಿಕ್ಕಿದರು. ಆರತಿಯ ನೀರಿಗೆ ಸುಣ್ಣ ಬಿದ್ದರೆ ಅರಿಶಿನ ಕೆಂಪಾಗುವುದನ್ನು ನಾವು ಹುಟ್ಟಿದಾಗಿನಿಂದ ನೋಡಿದ್ದೇವೆ. ಆಕೆ ಎಲ್ಲಿ ನೋಡಿರಬೇಕು? ಚುಕ್ಕೆ ಕಣ್ಣೆದುರೇ ರಕ್ತದ ಬಣ್ಣಕ್ಕೆ ತಿರುಗಿದಾಗ ಆಕೆ ಕಿರುಚಿದ್ದು ಮೂರು ಮನೆಯಾಚೆ ಕೇಳಿಸಿತಂತೆ.

ರೇವಣಪ್ಪನವರಿಗೆ ಆಗಿನಿಂದ ನಗು ನಿಂತಿಲ್ಲ. "ಗಾಯ ಆಗೇದ ಅಂತ ಹೇಳಿಬಿಡು."

"ಹನ್ನೊಂದೂ ಮಂದಿಗೆ ಎಡ ಮೊಣಕಾಲಿಗೇ ಗುಂಡು ಬೀಳತದೇನ್ರಿ? ಹೊಡದಾಂವ ಏನು ಅಳತಿ ಟೇಪು ಹಿಡಕೊಂಡು ಹೊಡದಾನ?"

ಸಮಿತಿಯ ತೀರ್ಮಾನ ಖಚಿತ: ಶುಕ್ರವಾರ ಸಂಜೆಯೊಳಗೆ ಕಲೆ ಹೋಗಬೇಕು. ಇಲ್ಲವಾದರೆ ಇಪ್ಪತ್ತೆಂಟೂ ಜೊತೆಯನ್ನು ಬದಿಗಿಟ್ಟು ಶಿಕಾಗೋದಿಂದ ಬಾಡಿಗೆ ಉಡುಪು ತರಿಸುತ್ತಾರೆ. ಅರಿಶಿನಕ್ಕೆ ಬಿಸಿಲೇ ಮದ್ದು, ಅದು ಶಿವಲಿಂಗಮ್ಮನಿಗೆ ಗೊತ್ತು. ಆದರೆ ಸೋಮವಾರ ಮೋಡ, ಮಂಗಳವಾರ ಮಳೆ, ಬುಧವಾರ ಎರಡೂ. ಹಿತ್ತಲಿನಲ್ಲಿ ಮೇಪಲ್ ಮರದ ನೆರಳು. ಹಾಗಾಗಿ ಗುರುವಾರ ಚಲ್ಲಣಗಳು ಹಾದಿಬೀದಿಯವರೆಲ್ಲ ನೋಡುವಂತೆ ಮುಂದಿನ ಹುಲ್ಲಿಗೆ ಬಂದಿವೆ.

ಪೊಲೀಸ್ ಹೋದ ಮೇಲೂ ಆಕೆ ಕದಲುವುದಿಲ್ಲ. ಬಿಸಿಲು ಸರಿದಂತೆ ಚಲ್ಲಣಗಳನ್ನೂ ಸರಿಸುತ್ತಾರೆ. ಒಂಬತ್ತಕ್ಕೆ ಪಕ್ಕದ ಮನೆಯವರ ಹುಲ್ಲಿಗೆ ನೀರು ಚಿಮ್ಮಿಸುವ ಯಂತ್ರ ತಾನಾಗಿಯೇ ಶುರುವಾಗಿ ಇತ್ತ ಎರಚುತ್ತದೆ. ಶಿವಲಿಂಗಮ್ಮ ಛತ್ರಿ ಬಿಡಿಸಿ ಯಂತ್ರಕ್ಕೆ ಅಡ್ಡ ಹಿಡಿದು ಇಪ್ಪತ್ತು ನಿಮಿಷ ನಿಲ್ಲುತ್ತಾರೆ. ಅನಸೂಯ ಅಲ್ಲಿಗೇ ಕಾಫಿ ತಂದುಕೊಡುತ್ತಾರೆ. "ಕೋಟೆ ಕಾಯೋರು ನೀವೇ ಆಗಿಹೋದ್ರಲ್ರೀ!"

ಶುಕ್ರವಾರವೂ ಬಿಸಿಲು ಬಿತ್ತು. ಸಂಜೆ ಮಿಸೆಸ್ ಕೊವಾಲ್ಸ್ಕಿ ಕನ್ನಡಕ ಏರಿಸಿ ಹನ್ನೊಂದು ಎಡ ಮೊಣಕಾಲುಗಳನ್ನೂ, ನ್ಯಾಯಕ್ಕೆ ತಪ್ಪಬಾರದೆಂದು ಬಲ ಮೊಣಕಾಲುಗಳನ್ನೂ ನೋಡಿದರು. ಹಾಲಿನಂತೆ ಬಿಳಿ. "ಓಕೆ," ಎಂದರು.

"ಓಕೆ ಅಂದ್ರ ಛಲೋ ಅಂತೋ, ನಡೀತದ ಅಂತೋ?" ಎಂದು ಶಿವಲಿಂಗಮ್ಮ ಅನಸೂಯರ ಕಿವಿಯಲ್ಲಿ ಕೇಳಿದರು.

"ಅವರ ಬಾಯಲ್ಲಿ ಅಷ್ಟು ಬಂದಿದ್ದೇ ಹೆಚ್ಚು. ಸುಮ್ನಿರಿ."

ಆ ಚುಕ್ಕೆ ಯಾಕಾಗಿತ್ತೆಂದು ಮಿಸೆಸ್ ಕೊವಾಲ್ಸ್ಕಿ ಕೇಳಿದರು. ತೊಟ್ಟವರಿಗೆ ಒಳ್ಳೆಯದಾಗಲಿ ಅಂತ, ಎಂದು ಅನಸೂಯ ತಿಳಿಸಿದರು. ಆಕೆ ಒಂದು ಚಲ್ಲಣವನ್ನು ತಿರುವಿ ನೋಡಿ, ಹಾಗಾದರೆ ಸೊಂಟದ ಪಟ್ಟಿಯ ಒಳಗೆ, ಯಾರಿಗೂ ಕಾಣದಂತೆ ಹಚ್ಚಬಹುದು ಎಂದು ಅಪ್ಪಣೆ ಕೊಟ್ಟರು. ಬಾಗಿಲವರೆಗೆ ಹೋದವರು ತಿರುಗಿ, ತನ್ನ ಗಂಡನಿಗೆ ಎರಡು ಬೊಟ್ಟು ಇರಲಿ, ಅವನಿಗೆ ಬೆನ್ನುನೋವು ಎಂದೂ ಸೇರಿಸಿದರು.

ಶನಿವಾರ ಪಾರ್ಕಿನಲ್ಲಿ ತಮಟೆ, ತುತ್ತೂರಿ, ಬಾವುಟಗಳ ಗದ್ದಲ. ಇಪ್ಪತ್ತೆಂಟು ಬ್ರಿಟಿಷರು ಬಿಸಿಲಿನಲ್ಲಿ ಬೆವರುತ್ತ ಕೋಟೆ ಕಾಯುತ್ತಿದ್ದಾರೆ. ಜನರೆಲ್ಲ ಮುಂದೆ ನಿಂತು ಚಪ್ಪಾಳೆ ತಟ್ಟಿದರೆ ಶಿವಲಿಂಗಮ್ಮ ಒಬ್ಬರೇ ಹಿಂದೆ ಹೋಗಿ ನಿಂತಿದ್ದಾರೆ. ಬಂದೂಕು ಎತ್ತಲು ಅವರೆಲ್ಲ ಒಟ್ಟಿಗೆ ಬಗ್ಗಿದಾಗ ಆಕೆ ಉಸಿರು ಬಿಗಿಹಿಡಿಯುತ್ತಾರೆ. ಎದ್ದು ನಿಂತ ಮೇಲೆ ಬಿಡುತ್ತಾರೆ.

"ಮಾರಿ ಯಾರ್‍ಯಾರದಂತ ನಾ ನೋಡಲಿಲ್ರಿ. ಹಿಂದ ನೋಡಿದೆ. ಒಂದ ಹೊಲಿಗಿ ಬಿಚ್ಚಲಿಲ್ಲ."

ಇನ್ನೇನಾದರೂ ಆಸೆ ಇದೆಯೇ ಎಂದರೆ ಹೇಳುತ್ತಾರೆ: "ಬರೂ ವರ್ಷ ಅಳತಿ ಕೊಟ್ಟ ಮ್ಯಾಲ ಉಣ್ಣೂದು ಸ್ವಲ್ಪ ಕಡಿಮಿ ಮಾಡ್ರೆಪಾ ಅಂತ ಅವರಿಗೆ ಯಾರರ ಇಂಗ್ಲಿಷಿನಾಗ ಹೇಳಬೇಕ್ರಿ."